ಸಿರಿಮನೆ ಸೀಮೆಯ ವೃತ್ತಿಪ್ರವೇಶ ಮೀಮಾಂಸೆ

ಮನುಷ್ಯನು ಹೇಗೆ ಹುಟ್ಟುತ್ತಾನೆ, ಹೇಗೆ ಸಾಯುತ್ತಾನೆ, ಸತ್ತ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂಬ ವಿಷಯಗಳನ್ನು ಕುರಿತು ನಮ್ಮ ಶಾಸ್ತ್ರಕಾರರು ಸಹಸ್ರಾರು ಗ್ರಂಥಗಳನ್ನು ರಚಿಸಿರುವರಾದರೂ, ಈ ಎರಡು ತುದಿಗಳ ನಡುವೆ ಅವನು ಹೊಟ್ಟೆಪಾಡಿನ ಕಸುಬೊಂದಕ್ಕೆ ಹೇಗೆ ಬಂದು ಬೀಳುತ್ತಾನೆಂಬುದರ ವಿಷಯದಲ್ಲಿ ಅವರು ತಾಳಿರುವ ಮೌನವು ಜಿಜ್ಞಾಸುಗಳಿಗೆ ಆಶ್ಚರ್ಯವನ್ನುಂಟುಮಾಡದೆ ಇರದು. ಈ ಕೊರತೆಯನ್ನು ತುಂಬುವ ಸಲುವಾಗಿ ಪ್ರಸ್ತುತ ಪ್ರಬಂಧಕಾರನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳೆಂಬ ಮೂರು ತಾಲ್ಲೂಕುಗಳನ್ನು ತನ್ನ ಪ್ರಯೋಗಶಾಲೆಯಾಗಿಯೂ, ಕಿಗ್ಗದಾಚೆಯ ಸಿರಿಮನೆಯನ್ನು ಅದರ ಕೇಂದ್ರಬಿಂದುವಾಗಿಯೂ ಆರಿಸಿಕೊಂಡಿದ್ದಾನೆ. ಈ ಆಯ್ಕೆಗೆ ಕಾರಣಗಳು ಎರಡು. ವರ್ಷದಲ್ಲಿ ನಾಲ್ಕು ತಿಂಗಳು ಇಲ್ಲಿ ಮಳೆ ಹಿಡಿದು ಹೊಡೆಯುವುದರಿಂದ, ಜಗಲಿಯ ಮೇಲೆ ಕುಳಿತು ಪರರ ಮಕ್ಕಳ ಭವಿಷ್ಯವನ್ನು ಚರ್ಚಿಸಲು ಬೇಕಾದ ವಿರಾಮವು ಜನರಿಗೆ ಹೇರಳವಾಗಿ ಉಂಟು. ಮತ್ತು ಪ್ರಬಂಧಕಾರನಿಗೆ ಬೇರೆ ಊರು ಸರಿಯಾಗಿ ಗೊತ್ತಿಲ್ಲ.

ಶಾಸ್ತ್ರಮರ್ಯಾದೆಯಂತೆ ಮೊದಲು ಪೂರ್ವಪಕ್ಷವನ್ನು ಹೇಳಿ ಖಂಡಿಸಬೇಕು. ತಂದೆಯ ಕಸುಬೇ ಮಗನ ಕಸುಬೆಂದು ಜನ್ಮವಾದಿಗಳು ಹೇಳುತ್ತಾರೆ. ಹಾಗಿದ್ದ ಪಕ್ಷದಲ್ಲಿ ಕೊಪ್ಪದ ಸುತ್ತಿನ ದೊಡ್ಡ ದೊಡ್ಡ ಮನೆಗಳಲ್ಲಿ ಅರುವತ್ತು ದಾಟಿದ ದಂಪತಿಗಳೂ ಒಂದು ನಾಯಿಯೂ ಮಾತ್ರ ಉಳಿದಿರುವುದಕ್ಕೆ ಅವರು ಸಮಾಧಾನ ಹೇಳಬೇಕಾಗುತ್ತದೆ. ಹುಟ್ಟಿದ ರಾಶಿಯೇ ಪ್ರಮಾಣವೆನ್ನುವವರು ಶೃಂಗೇರಿಯ ವಿದ್ಯಾಶಂಕರ ದೇವಾಲಯದತ್ತ ಬೆರಳು ತೋರಿಸುತ್ತಾರೆ. ಅಲ್ಲಿ ಹನ್ನೆರಡು ರಾಶಿಗಳಿಗೆ ಹನ್ನೆರಡು ಕಂಬಗಳಿದ್ದು, ಸೂರ್ಯನು ಯಾವ ರಾಶಿಯಲ್ಲಿರುವನೋ ಆ ರಾಶಿಯ ಕಂಬದ ಮೇಲೆ ಎಳೆಬಿಸಿಲು ಬೀಳುವುದೆಂಬುದು ಪ್ರಸಿದ್ಧವಾಗಿದೆ. ಆದರೆ ಹನ್ನೆರಡು ಕಂಬಗಳನ್ನೂ ಸುತ್ತಿ ಬಂದರೂ ಕನ್ಯಾರಾಶಿಯ ಹುಡುಗನು ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುತ್ತ ಕುಳಿತುಕೊಳ್ಳುವನೆಂಬ ಸೂಚನೆ ಎಲ್ಲಿಯೂ ಸಿಕ್ಕುವುದಿಲ್ಲ. ಅದೇ ಕಂಬಗಳಲ್ಲಿ ಕೆತ್ತಿರುವ ಯಾಳಿಯ ಬಾಯೊಳಗಣ ಕಲ್ಲುಗುಂಡು ಮಾತ್ರ ವೃತ್ತಿಶಾಸ್ತ್ರಕ್ಕೆ ಸ್ವಲ್ಪ ಉಪಯುಕ್ತವಾದುದು. ಒಳಗೆ ಬೇಕಾದಂತೆ ಉರುಳಾಡಬಹುದು, ಹೊರಗೆ ಬರಲಾಗದು ಎಂಬ ಅದರ ಸ್ಥಿತಿಯು ಸರ್ಕಾರಿ ನೌಕರಿಯನ್ನು ಹೋಲುತ್ತದೆ. ಇನ್ನು ಅಂಕಪಟ್ಟಿಯೇ ವೃತ್ತಿಗೆ ಮೂಲವೆನ್ನುವ ಮೂರನೆಯ ಪಕ್ಷದವರು ಬಹುತೇಕ ಉಪಾಧ್ಯಾಯರೇ ಆಗಿರುವುದರಿಂದ ಅವರೊಡನೆ ವಾದಕ್ಕಿಳಿಯುವುದು ಕ್ಷೇಮವಲ್ಲ.

ಈಗ ಸಿದ್ಧಾಂತ. ಯಾವ ಮನುಷ್ಯನೂ ತನ್ನ ವೃತ್ತಿಯನ್ನು ತಾನಾಗಿ ಹುಡುಕಿಕೊಳ್ಳುವುದಿಲ್ಲ; ಬೇರಾವುದೋ ಕೆಲಸದ ಮೇಲೆ ಬಂದ ಮೂರನೆಯವರೊಬ್ಬರು, ಆ ಕೆಲಸವನ್ನು ಮುಗಿಸಿಕೊಳ್ಳುವ ಭರದಲ್ಲಿ, ಅವನನ್ನು ಅದರೊಳಕ್ಕೆ ನೂಕಿ ಹೋಗುತ್ತಾರೆ. ಇದಕ್ಕೆ ಅನ್ಯಾರ್ಥಾಗತ ನ್ಯಾಯವೆಂದು ಹೆಸರಿಟ್ಟುಕೊಳ್ಳೋಣ. ಸಂಸ್ಕೃತದಲ್ಲಿ ಹೆಸರಿಲ್ಲದ ಸಿದ್ಧಾಂತವು ಶೃಂಗೇರಿಯ ಆಸುಪಾಸಿನಲ್ಲಿ ಊರ್ಜಿತವಾಗದು.

ಪ್ರಥಮ ದೃಷ್ಟಾಂತವು ಸಿರಿಮನೆಗೆ ಹೋಗುವ ಹಾದಿಯಲ್ಲಿಯೇ, ಕಿಗ್ಗದ ಋಷ್ಯಶೃಂಗೇಶ್ವರ ದೇವಾಲಯದಲ್ಲಿ ದೊರೆಯುತ್ತದೆ. ವಿಭಾಂಡಕ ಮಹರ್ಷಿಯು ತನ್ನ ಮಗ ಋಷ್ಯಶೃಂಗನಿಗೆ ಆರಿಸಿಟ್ಟಿದ್ದ ಮಾರ್ಗವು ಅಖಂಡ ತಪಸ್ಸು. ಇದಕ್ಕೆ ಭಂಗ ಬಾರದಿರಲೆಂದು ಆತನು ಹುಡುಗನಿಗೆ ಸ್ತ್ರೀಯೆಂಬ ಜೀವಿ ಲೋಕದಲ್ಲಿದೆಯೆಂಬುದನ್ನೇ ತಿಳಿಸಿರಲಿಲ್ಲ. ಈಗಿನ ತಂದೆತಾಯಿಗಳು ದ್ವಿತೀಯ ಪಿಯುಸಿ ಮುಗಿಯುವವರೆಗೆ ಮನೆಯ ಟಿವಿ ಕೇಬಲ್ ಕೀಳಿಸಿಡುವುದು ಈ ಕ್ರಮದ ಅನುಕರಣವೇ ಆಗಿದೆ. ಹೀಗಿರುವಾಗ ಅಂಗದೇಶದಲ್ಲಿ ಬರ ಬಂದು, ದೊರೆ ರೋಮಪಾದನು ಮಳೆಗಾಗಿ ಋಷ್ಯಶೃಂಗನನ್ನು ಕರೆತರಲು ವಾರಾಂಗನೆಯರನ್ನು ಕಳುಹಿಸಿದನು. ಅವರು ಬಂದುದು ರಾಜಾಜ್ಞೆಯನ್ನು ನೆರವೇರಿಸಿ ಬಹುಮಾನ ಪಡೆಯುವುದಕ್ಕೆ; ಹುಡುಗನ ಭವಿಷ್ಯದ ಚಿಂತೆ ಅವರಿಗೆ ಲೇಶವೂ ಇರಲಿಲ್ಲ. ಭಕ್ಷ್ಯಗಳನ್ನು ಹಣ್ಣುಗಳೆಂದೂ, ಬಂದವರನ್ನು ಅಪೂರ್ವ ಬ್ರಹ್ಮಚಾರಿಗಳೆಂದೂ ಭಾವಿಸಿ ಅವನು ಹಿಂದೆ ಹೋದನು, ಅಂಗದೇಶದಲ್ಲಿ ಮಳೆ ಬಂದಿತು, ರಾಜಕುಮಾರಿ ಶಾಂತೆ ಮಡದಿಯಾದಳು, ಮುಂದೆ ಅಯೋಧ್ಯೆಗೆ ಎರವಲು ಸೇವೆಯ ಮೇಲೆ ತೆರಳಿ ದಶರಥನಿಗೆ ಪುತ್ರಕಾಮೇಷ್ಟಿಯನ್ನೂ ಮಾಡಿಸಿದನು. ತಪಸ್ಸಿಗೆ ಹೊರಟವನು ಮಳೆಯ ತಜ್ಞನಾದುದು ಹೀಗೆ.

ಈ ಕಥೆಯಲ್ಲಿ ವಿದ್ವಾಂಸರು ಸಾಲದಷ್ಟು ಗಮನ ಕೊಟ್ಟಿರುವ ಭಾಗವೆಂದರೆ ತಂದೆಯ ಕೋಪ. ವಿಭಾಂಡಕನು ಅಂಗದೇಶವನ್ನೇ ಸುಟ್ಟುಬಿಡುವೆನೆಂದು ಹೊರಟನಷ್ಟೆ. ದಾರಿಯುದ್ದಕ್ಕೂ ಗೋವುಗಳ ಹಿಂಡುಗಳೂ ಉತ್ತ ಹೊಲಗಳೂ ಕಂಡವು. ಇವೆಲ್ಲ ಯಾರವೆಂದು ವಿಚಾರಿಸಿದಲ್ಲೆಲ್ಲ, ರೋಮಪಾದನು ಮೊದಲೇ ಕಲಿಸಿಟ್ಟಿದ್ದಂತೆ ಜನರು ಕೈಮುಗಿದು, ‘ತಮ್ಮ ಮಗನವೇ ಸ್ವಾಮಿ’ ಎಂದರು. ರಾಜಧಾನಿ ಮುಟ್ಟುವ ಹೊತ್ತಿಗೆ ಕೋಪವು ಇಳಿದಿದ್ದಿತೆಂದು ಮಹಾಭಾರತವು ಹೇಳುತ್ತದೆ. ಮಗನು ಓದನ್ನು ಅರ್ಧಕ್ಕೆ ಬಿಟ್ಟನೆಂದು ಕುದಿಯುತ್ತ ಬೆಂಗಳೂರಿನ ಬಸ್ಸು ಹತ್ತುವ ನಮ್ಮ ತಂದೆಯರೂ ಅವನ ವಾರ್ಷಿಕ ಸಂಬಳದ ಅಂಕಿಯನ್ನು ಕೇಳಿದೊಡನೆ ತಣ್ಣಗಾಗುವುದನ್ನು ನೋಡಿದರೆ ಇತಿಹಾಸಗಳು ಸುಳ್ಳಲ್ಲವೆನಿಸುತ್ತದೆ. ವಿಭಾಂಡಕನು ಶೃಂಗೇರಿಯ ಮಲಹಾನಿಕರೇಶ್ವರನ ಲಿಂಗದಲ್ಲಿ ಐಕ್ಯನಾದನೆಂದು ಪ್ರತೀತಿ. ಮಗನಾದರೋ ಕಿಗ್ಗದಲ್ಲಿ ಇಂದಿಗೂ ಅದೇ ಹುದ್ದೆಯಲ್ಲಿದ್ದಾನೆ. ಮಳೆ ಬಾರದ ವರ್ಷ ಬರಿಸಲಿಕ್ಕೂ, ಹೆಚ್ಚಾದ ವರ್ಷ ನಿಲ್ಲಿಸಲಿಕ್ಕೂ ದೂರದೂರದವರು ಅಲ್ಲಿಗೇ ಬರುತ್ತಾರೆ. ನಿವೃತ್ತಿಯಿಲ್ಲದ ನೌಕರಿ ನಾಡಿನಲ್ಲಿ ಇದೊಂದೇ ಇರಬೇಕು.

ಎರಡನೆಯ ದೃಷ್ಟಾಂತವು ಸಂದರ್ಶನಗಳಲ್ಲಿ ಸೋತು ಕುಳಿತವರಿಗೆ ಸಮಾಧಾನಕರವಾದುದು. ಮಂಡನಮಿಶ್ರನು ಗೃಹಸ್ಥನಾಗಿ, ಕರ್ಮಮೀಮಾಂಸೆಯಲ್ಲಿ ಅದ್ವಿತೀಯನಾಗಿ, ಬಾಗಿಲಲ್ಲಿ ಗಿಳಿಗಳೂ ಶಾಸ್ತ್ರ ಮಾತನಾಡುವಂಥ ಮನೆಯಲ್ಲಿ ಸುಖವಾಗಿದ್ದನು. ವಾದಕ್ಕೆಂದು ಬಂದ ಶಂಕರರೊಡನೆ ಪಣವಾಯಿತು, ಸೋತವನು ಗೆದ್ದವನ ಆಶ್ರಮವನ್ನು ಸ್ವೀಕರಿಸಬೇಕೆಂದು. ತೀರ್ಪುಗಾರ್ತಿಯಾಗಿ ಕುಳಿತವಳು ಮಂಡನನ ಪತ್ನಿ ಉಭಯಭಾರತಿ. ಕೊರಳ ಮಾಲೆ ಬಾಡಿದವನು ಸೋತನೆಂಬ ನಿಯಮದಂತೆ ಆಕೆ ಗಂಡನ ವಿರುದ್ಧವೇ ತೀರ್ಪು ಕೊಟ್ಟಳು. (ಗೃಹಿಣಿಯರ ನಿಷ್ಪಕ್ಷಪಾತಕ್ಕೆ ಇದಕ್ಕಿಂತ ಹಳೆಯ ದಾಖಲೆ ಬೇಡ.) ಸೋತ ಮಂಡನನೇ ಸುರೇಶ್ವರಾಚಾರ್ಯನಾಗಿ ಶೃಂಗೇರಿಯ ಪೀಠವನ್ನೇರಿದನೆಂದು ಮಠದ ಪರಂಪರೆ ಹೇಳುತ್ತದೆ. ಗೆದ್ದಿದ್ದರೆ ಗೃಹಸ್ಥನಾಗಿಯೇ ಉಳಿಯುತ್ತಿದ್ದನು.

ಪುರಾಣವನ್ನು ಮಾತ್ರ ಆಶ್ರಯಿಸಿದನೆಂಬ ಆಕ್ಷೇಪಣೆ ಬಾರದಿರಲೆಂದು ಇಪ್ಪತ್ತನೆಯ ಶತಮಾನಕ್ಕೆ ಬರೋಣ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ಅಜ್ಜನ ಮನೆಯಲ್ಲಿ 1904ರ ಡಿಸೆಂಬರ್ 29ರಂದು ಹುಟ್ಟಿದ ಕೂಸು ಬೆಳೆದು, ಮೈಸೂರು ಸೇರಿ, ಇಂಗ್ಲಿಷ್ ಕವಿಯಾಗುವ ದಾರಿಯಲ್ಲಿ ಬಹುದೂರ ಸಾಗಿತ್ತು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಕವೂ ಅಚ್ಚಾಯಿತು. ಆಗ ಅಡ್ಡ ಬಂದವನು ಐರ್ಲೆಂಡಿನ ಜೇಮ್ಸ್ ಕಸಿನ್ಸ್. ನಿನ್ನ ನುಡಿಯಲ್ಲಿಯೇ ಬರೆಯೆಂದು ಆತನು ಹೇಳಿದುದರಿಂದ ಕನ್ನಡಕ್ಕೆ ಕುವೆಂಪು ದೊರೆತರು. ಕನ್ನಡದಲ್ಲಿ ಬರೆಯೆಂದು ಕನ್ನಡಿಗರೇ ಹೇಳಿದ್ದರೆ ಆ ತರುಣನು ಕೇಳುತ್ತಿದ್ದನೋ ಇಲ್ಲವೋ. ಕನ್ನಡ ಬಾರದವನೇ ಬಂದು ಹೇಳಬೇಕಾಯಿತು ಎಂಬುದು ನಮ್ಮ ನ್ಯಾಯಕ್ಕೆ ಬಲವಾದ ಸಾಕ್ಷಿ.

ಹೀಗೆ ಮಹಾಪುರುಷರನ್ನೇ ಹೇಳುತ್ತ ಹೋದರೆ ತೋಟದಲ್ಲಿ ಕೆಲಸ ಮಾಡುವವನು ನಕ್ಕಾನು. ಅವನ ವೃತ್ತಿಯ ಉಗಮವು ಇದಕ್ಕಿಂತಲೂ ವಿಚಿತ್ರವಾದುದು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಂದು ಹಸಿಕಾಯಿಗಳು ಉದುರುವುದನ್ನು ತಡೆಯಲು ನಮ್ಮ ಹಿರಿಯರು ಗೊನೆಗಳಿಗೆ ಕೊಟ್ಟೆಯೆಂಬ ಹೊದಿಕೆಯನ್ನು ಕಟ್ಟಿಸುತ್ತಿದ್ದರು. ಕೊಟ್ಟೆ ಕಟ್ಟುವುದೇ ಒಂದು ಕಸುಬಾಗಿದ್ದಿತು. ಇತ್ತ ಹೀಗಿರುವಾಗ ಅತ್ತ ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ರಸ್ತೆಯಂಚಿನ ದ್ರಾಕ್ಷಿಯನ್ನು ಕಿತ್ತು ತಿನ್ನುತ್ತಿದ್ದರು. ತೋಟದವರು ಬೇಸತ್ತು, ವಿಷವೆಂದು ಕಳ್ಳರು ಹೆದರಲೆಂಬ ಉದ್ದೇಶದಿಂದ ಮೈಲುತುತ್ತ ಸುಣ್ಣಗಳ ನೀಲಿ ನೀರನ್ನು ಬಳ್ಳಿಗಳ ಮೇಲೆ ಎರಚಿದರು. ಹಾಗೆ ಎರಚಿದ ಬಳ್ಳಿಗಳಿಗೆ ಬೂಜುರೋಗ ತಗಲಲಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಕಂಡುಕೊಂಡು 1885ರಲ್ಲಿ ಲೋಕಕ್ಕೆ ಸಾರಿದನು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಕೊಳೆರೋಗದ ಮೂಲವನ್ನು ಶೋಧಿಸಿ ಅದೇ ದ್ರಾವಣವನ್ನು ಅಡಿಕೆಯ ಗೊನೆಗೂ ಹೊಡೆಯಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಸೂತ್ರದಿಂದ ಕೊಟ್ಟೆ ಕಟ್ಟುವವನು ಕೆಲಸ ಕಳೆದುಕೊಂಡನು, ಔಷಧಿ ಹೊಡೆಯುವವನು ಹುಟ್ಟಿದನು. ಜಾರುವ ಮರದ ತುದಿಯಿಂದ ಮರದ ತುದಿಗೆ ತೂಗಿಕೊಂಡು ದಾಟುವ ಈ ಧೀರನ ಅನ್ನಕ್ಕೆ ಫ್ರಾನ್ಸಿನ ಹೆಸರಿಲ್ಲದ ದ್ರಾಕ್ಷಿಗಳ್ಳರು ಕಾರಣರಾದರೆಂಬುದನ್ನು ಯಾವ ವೃತ್ತಿಮಾರ್ಗದರ್ಶನ ಶಿಬಿರದಲ್ಲಿಯೂ ಹೇಳುವುದಿಲ್ಲ. ಈಚೆಗೆ ಉದ್ದನೆಯ ಫೈಬರ್ ದೋಟಿ ಬಂದು, ನೆಲದ ಮೇಲೆ ನಿಂತೇ ಔಷಧಿ ಹೊಡೆಯುವ, ಗೊನೆ ಇಳಿಸುವ ಹೊಸ ತಲೆಮಾರು ಸಿದ್ಧವಾಗಿದೆ. ಅವರ ಕೂಲಿಯನ್ನು ಕೇಳಿದ ಕೆಲವು ಇಂಜಿನಿಯರುಗಳು ಆಲೋಚನಾಮಗ್ನರಾಗಿರುವುದನ್ನು ಪ್ರಬಂಧಕಾರನು ಸ್ವತಃ ಕಂಡಿದ್ದಾನೆ.

ಕೊಪ್ಪದ ಮತ್ತೊಂದು ಉದಾಹರಣೆಯಲ್ಲಿ ವಿನೋದವು ಕಡಮೆ. ಖಾಸಗಿ ಬಸ್ ಕಂಪನಿಯೊಂದು ನಿಂತುಹೋಗಿ ಡ್ರೈವರು, ಕಂಡಕ್ಟರು, ಕ್ಲೀನರುಗಳು ಬೀದಿಗೆ ಬಿದ್ದಾಗ, ಅವರೇ ಕೂಡಿ 1991ರಲ್ಲಿ ‘ಸಹಕಾರ ಸಾರಿಗೆ’ಯನ್ನು ಕಟ್ಟಿದರು. ಟಿಕೆಟು ಹರಿಯುತ್ತಿದ್ದವನು ಮಾಲೀಕನಾದನು. ಮಾಲೀಕನಾದ ಮೇಲೂ ಟಿಕೆಟು ಹರಿಯುತ್ತಲೇ ಇದ್ದನು. ಬೆರಳೆಣಿಕೆಯ ಬಸ್ಸುಗಳಿಂದ ಆರಂಭವಾಗಿ ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳವರೆಗೆ ಬೆಳೆದ ಆ ಸಂಸ್ಥೆ ಮಲೆನಾಡಿನ ಮೂಲೆಮೂಲೆಯ ಮಕ್ಕಳನ್ನು ಶಾಲೆ ಕಾಲೇಜುಗಳಿಗೆ ತಲುಪಿಸಿತು. ಹಾಗೆ ತಲುಪಿದವರು ಓದಿ, ನೌಕರಿ ಹಿಡಿದು, ಕಾರು ಕೊಂಡರು. ಇದರಿಂದ ಬಸ್ಸಿಗೆ ಒದಗಿದ ನಷ್ಟವನ್ನು ಯಾರೂ ಲೆಕ್ಕ ಹಾಕಿಲ್ಲ. ನಷ್ಟದ ಭಾರ ತಾಳಲಾರದೆ 2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ನಿಂತಿತು. ವೃತ್ತಿಯನ್ನು ತಾವೇ ನಿರ್ಮಿಸಿಕೊಂಡವರು ಈ ಸೀಮೆಯಲ್ಲಿ ಇದ್ದರೆ ಇವರೇ. ಇವರನ್ನೂ ಆ ದಾರಿಗೆ ಹಚ್ಚಿದುದು ಮತ್ತೊಬ್ಬರು ಹಾಕಿದ ಬೀಗವಾದ್ದರಿಂದ ನಮ್ಮ ನ್ಯಾಯಕ್ಕೆ ಭಂಗವಿಲ್ಲ.

ಮೂರನೆಯವನು ಮನುಷ್ಯನೇ ಆಗಿರಬೇಕೆಂಬ ನಿರ್ಬಂಧವೂ ಇಲ್ಲ. ಶೃಂಗೇರಿ ಕೊಪ್ಪಗಳ ತೋಟಗಳಿಗೆ ದಶಕಗಳಿಂದ ಹಿಡಿದಿರುವ ಹಳದಿ ಎಲೆ ರೋಗಕ್ಕೆ ಕಾರಣವಾದ ಫೈಟೊಪ್ಲಾಸ್ಮವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜೀವಿ. ರಸ ಹೀರುವ ಕೀಟವೊಂದರ ಮೇಲೇರಿ ಮರದಿಂದ ಮರಕ್ಕೆ ಹೋಗುತ್ತದೆ. ಮೈಲುತುತ್ತಕ್ಕೆ ಅದು ಜಗ್ಗದು; ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಎಲೆ ಹಳದಿಯಾದ ತೋಟದ ಮನೆಯ ಮಗನು ಮೊದಲು ಕೊಪ್ಪಕ್ಕೆ, ಆಮೇಲೆ ಶಿವಮೊಗ್ಗಕ್ಕೆ, ಆಮೇಲೆ ಬೆಂಗಳೂರಿಗೆ ಹೋಗಿ ಗಣಕದ ಮುಂದೆ ಕುಳಿತುಕೊಳ್ಳುತ್ತಾನೆ. ನಾಡಿನ ಮಾಹಿತಿ ತಂತ್ರಜ್ಞಾನಕ್ಕೆ ಇಷ್ಟೊಂದು ಜನರನ್ನು ಒದಗಿಸಿಕೊಟ್ಟ ಆ ಸೂಕ್ಷ್ಮಜೀವಿಗೆ ಇದುವರೆಗೆ ಯಾವ ಪ್ರಶಸ್ತಿಯೂ ಬಂದಿಲ್ಲ.

ಎಲೆ ಹಸುರಾಗಿಯೇ ಉಳಿದ ತೋಟದ ಮಗನನ್ನು ಹೊರಡಿಸುವ ಕೆಲಸವನ್ನು ಭಾವೀ ಮಾವನು ವಹಿಸಿಕೊಂಡಿದ್ದಾನೆ. ಈತನು ಯಾರೆಂಬುದು ಇನ್ನೂ ನಿಶ್ಚಯವಾಗಿಲ್ಲ, ಈತನ ಮಗಳು ಯಾವ ಊರಿನವಳೆಂಬುದೂ ತಿಳಿಯದು. ಆದರೂ ತೋಟದಲ್ಲಿರುವ ಹುಡುಗನಿಗೆ ಹೆಣ್ಣು ಕೊಡುವುದಿಲ್ಲವೆಂಬ ಆತನ ಸಂಕಲ್ಪ ಮಾತ್ರ ಎಲ್ಲರಿಗೂ ವಿದಿತವಾಗಿದೆ. ಇಂಥ ಸಂದರ್ಭದಲ್ಲಿಯೇ ಅಜ್ಜಿಯ ತಿಥಿಗೆಂದು ಬೆಂಗಳೂರಿನಿಂದ ಭಾವನು ಬರುತ್ತಾನೆ. ವಡೆ, ಸುಕ್ಕಿನುಂಡೆಗಳ ಊಟವಾಗಿ, ಎಲೆಯಡಿಕೆ ಮೆಲ್ಲುತ್ತ, ‘ಮಾಣಿ ಎಂತ ಮಾಡ್ತಾ ಇದಾನೆ ಮಾವ? ಕಳಿಸಿ, ನಮ್ಮ ಆಫೀಸಲ್ಲಿ ಒಂದು ಜಾಗ ಉಂಟು’ ಎನ್ನುತ್ತಾನೆ. ಮಾತಿಗೆ ಅಂದದ್ದು. ಸಂಜೆಗೆ ಮಾಣಿಯ ಟ್ರಂಕು ಕಾರಿನ ಹಿಂಬದಿಯಲ್ಲಿರುತ್ತದೆ. ಈ ಮೂರು ತಾಲ್ಲೂಕುಗಳಿಂದ ಹೊರಟ ಅಡುಗೆಯವರು, ಪುರೋಹಿತರು, ಲೆಕ್ಕಿಗರು, ಇಂಜಿನಿಯರುಗಳು ಇವರಲ್ಲಿ ತಿಥಿಯೂಟದ ಮೂಲಕ ವೃತ್ತಿಪ್ರವೇಶ ಮಾಡಿದವರನ್ನು ಎಣಿಸಿದರೆ ಉದ್ಯೋಗ ವಿನಿಮಯ ಕೇಂದ್ರಗಳು ನಾಚಿಕೊಳ್ಳಬೇಕಾದೀತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕೊಪ್ಪ ತಾಲ್ಲೂಕಿನ ಕಮ್ಮರಡಿಯಲ್ಲಿ ಮಾಧ್ಯಮಿಕ ಶಾಲೆ ಓದಿದ ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಔಷಧವಿಜ್ಞಾನದ ಪದವಿ ಪಡೆದು, ಅದನ್ನು ಬದಿಗಿಟ್ಟು ಪುಣೆಯ ಚಲನಚಿತ್ರ ಸಂಸ್ಥೆಗೆ ಹೋಗಿ, 1977ರ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಪಡೆದರಲ್ಲ, ಅವರನ್ನು ನೂಕಿದ ಮೂರನೆಯವರು ಯಾರು? ಪ್ರಬಂಧಕಾರನು ಈ ಪ್ರಶ್ನೆಗೆ ಉತ್ತರವನ್ನು ಬಹುಕಾಲ ಯೋಚಿಸಿ, ಅಪವಾದವಿಲ್ಲದ ಶಾಸ್ತ್ರವಿಲ್ಲವೆಂಬ ಸಮಾಧಾನಕ್ಕೆ ಬಂದಿದ್ದಾನೆ.

ನರಸಿಂಹರಾಜಪುರದ ವಿಷಯವನ್ನು ಇಷ್ಟರಲ್ಲಿಯೇ ಮುಗಿಸಬಹುದು. ಎಡೆಹಳ್ಳಿಯೆಂದಿದ್ದ ಆ ಊರಿಗೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು 1915ರಲ್ಲಿ ಭೇಟಿಯಿತ್ತುದರ ನೆನಪಿಗೆ ಈಗಿನ ಹೆಸರು ಬಂದಿತು. ಊರುಗಳಿಗೂ ಈ ನ್ಯಾಯವು ಅನ್ವಯಿಸುವುದೆಂಬುದು ಇದರಿಂದ ಸಿದ್ಧ. ಅಲ್ಲಿನ ರಬ್ಬರು ತೋಟಗಳೂ, ಹಾಲು ಇಳಿಸುವ ಕುಶಲರೂ ಕೇರಳದಿಂದ ವಲಸೆ ಬಂದವರ ಕೊಡುಗೆ.

ಕೊನೆಯದಾಗಿ, ಸಿರಿಮನೆಯ ಜಲಪಾತವನ್ನು ನೋಡಲು ಹೊರಡುವ ವಾಚಕರಲ್ಲಿ ಒಂದು ವಿಜ್ಞಾಪನೆ. ಆ ದಾರಿಯ ಮನೆಗಳಲ್ಲಿ ನೀವು ನೀರು ಕೇಳಿದರೆ ಕಾಫಿ ಕೊಡುತ್ತಾರೆ, ಕಾಫಿ ಕೇಳಿದರೆ ಊಟಕ್ಕೆ ಏಳಿಸುತ್ತಾರೆ. ಹಾಗೆ ಕೊಡುತ್ತ ಕೊಡುತ್ತಲೇ ಎಷ್ಟೋ ಮನೆಯವರು ತಮಗೇ ಅರಿವಿಲ್ಲದೆ ಹೋಂಸ್ಟೇ ಎಂಬ ವೃತ್ತಿಗೆ ಬಂದುಬಿಟ್ಟಿದ್ದಾರೆ. ಆದುದರಿಂದ ಅಂಗಳದಲ್ಲಿ ನಿಂತ ಹತ್ತನೆಯ ತರಗತಿಯ ಹುಡುಗನನ್ನೋ ಹುಡುಗಿಯನ್ನೋ ಮಾತನಾಡಿಸುವಾಗ ಸ್ವಲ್ಪ ಎಚ್ಚರವಿರಲಿ; ಮುಂದೆ ಏನಾಗುತ್ತೀಯೆಂದು ಕೇಳಬೇಡಿರಿ, ಜಲಪಾತದ ದಾರಿಯನ್ನು ಮಾತ್ರ ಕೇಳಿಕೊಂಡು ಹೊರಡಿರಿ. ಮಳೆಗಾಲವಾದರೆ ಕೊಡೆಯೂ, ಇಂಬಳಕ್ಕೆ ಒಂದಿಷ್ಟು ಸುಣ್ಣವೂ ಜೊತೆಯಲ್ಲಿರಲಿ.