ಸಶ್ವಾನ ಬಾಡಿಗೆದಾರ ಮೀಮಾಂಸೆ

ಬೆಂಗಳೂರಿನ ಬಾಡಿಗೆ ಶಾಸ್ತ್ರವು ಮನೆ ಕೇಳಿಕೊಂಡು ಬರುವ ಮನುಷ್ಯಮಾತ್ರರನ್ನು ಫ್ಯಾಮಿಲಿ ಮತ್ತು ಬ್ಯಾಚುಲರ್ ಎಂಬ ಎರಡು ವರ್ಗಗಳಾಗಿ ವಿಂಗಡಿಸಿ, ಮೊದಲನೆಯದನ್ನು ಸಸ್ಯಾಹಾರಿ, ಮಾಂಸಾಹಾರಿ ಎಂದು ಪುನಃ ಒಡೆದು, ಎರಡನೆಯದಕ್ಕೆ ಗೇಟಿನ ಬಳಿಯೇ ಉತ್ತರ ಕೊಟ್ಟು ಕಳಿಸುತ್ತದೆ. ಈ ವಿಂಗಡಣೆಯಲ್ಲಿ ಎಲ್ಲಿಯೂ ಸಲ್ಲದೆ, ಸಂಬಳ, ಸಂಸಾರ, ಸಸ್ಯಾಹಾರಗಳೆಲ್ಲ ಇದ್ದೂ ಹೊಸ್ತಿಲಿನಾಚೆಯೇ ಉಳಿಯುವ ಮೂರನೆಯ ವರ್ಗವೊಂದಿದ್ದು, ಅದನ್ನು ಇಲ್ಲಿ ಸಶ್ವಾನ ಬಾಡಿಗೆದಾರ, ಅಂದರೆ ನಾಯಿಯನ್ನು ಮನೆಮಂದಿಯಲ್ಲಿ ಒಬ್ಬನೆಂದು ಬಗೆದು ಅದರ ಸಮೇತ ಮನೆ ಹುಡುಕುವವನು, ಎಂದು ಕರೆಯಲಾಗಿದೆ. ಪ್ರಬಂಧದ ಪ್ರತಿಜ್ಞೆ ಇಷ್ಟೇ: ನಾಯಿಯ ಹೆಸರಿನಲ್ಲಿ ವಸೂಲಾಗುವ ಹಣದಲ್ಲಿ ನಾಯಿಗೆ ಸಂಬಂಧಿಸಿದ್ದು ಅತ್ಯಲ್ಪ; ಉಳಿದದ್ದು ಆ ನಾಯಿ ಹುಟ್ಟುವುದಕ್ಕೆ ಮೊದಲಿನಿಂದಲೂ ವಸೂಲಾಗುತ್ತ ಬಂದಿದ್ದು, ಈಗ ಅದಕ್ಕೆ ತೋರಿಸಲು ಒಂದು ಬಾಲ ಸಿಕ್ಕಿದೆ.

ಸಮಸ್ಯೆಯ ಪ್ರಾಚೀನತೆಯ ವಿಷಯದಲ್ಲಿ ವಿದ್ವಾಂಸರಿಗೆ ಸಂದೇಹ ಬೇಕಾಗಿಲ್ಲ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ರಥ ತಂದು ನಿಲ್ಲಿಸಿದ ಇಂದ್ರನು, ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಜಾಗವಿಲ್ಲವೆಂದು ಯುಧಿಷ್ಠಿರನಿಗೆ ಹೇಳಿದ್ದು, ಓನರ್ ಎಂಬುವನು ಸಶ್ವಾನನನ್ನು ನಿರಾಕರಿಸಿದ ಬಹು ಹಳೆಯ ಪ್ರಸಂಗವೆಂದು ಧಾರಾಳವಾಗಿ ಗ್ರಹಿಸಬಹುದು. ಅಲ್ಲಿ ನಾಯಿಯು ಕಡೆಗೆ ಧರ್ಮದೇವತೆಯಾಗಿ ತೋರಿಕೊಂಡದ್ದರಿಂದ ವ್ಯವಹಾರ ಕುದುರಿತಾದರೂ, ಸಾಧಾರಣ ಲ್ಯಾಬ್ರಡಾರಿನಿಂದ ಕೊನೆಗಳಿಗೆಯಲ್ಲಿ ಅಂಥ ದಾಖಲೆ ನಿರೀಕ್ಷಿಸುವಂತಿಲ್ಲ. ಕನ್ನಡ ನಾಡಿನ ಸಾಕ್ಷ್ಯ ಇದಕ್ಕೆ ನೇರ ವಿರುದ್ಧವಾಗಿದೆ. ಕ್ರಿ.ಶ. 950ರ ಸುಮಾರಿನ ಆತಕೂರು ಶಾಸನದ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನು ತನ್ನ ದೊರೆಯಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಂದಿಗೆ ಕಾದಾಡಿ ಎರಡೂ ಸತ್ತಾಗ, ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಗರದ ನಟ್ಟನಡುವೆ ಅಡ್ವಾನ್ಸ್ ಕೊಡದೆ ನೆಲೆ ಕಂಡ ನಾಯಿ ಬಹುಶಃ ಅದೊಂದೇ.

ಅಡ್ವಾನ್ಸ್ ಎಂಬುದು, ಬಾಡಿಗೆದಾರನು ಓನರಿಗೆ ಬಡ್ಡಿಯಿಲ್ಲದೆ ಒಪ್ಪಿಸಿ, ಮನೆ ಬಿಡುವ ದಿನ ಅದು ಪೂರ್ತಿ ವಾಪಸು ಬರುವುದೆಂದು ಇಬ್ಬರೂ ನಂಬಿದಂತೆ ನಡೆದುಕೊಳ್ಳುವ ಇಡಿಗಂಟು. ಊರಿನ ಸಂಪ್ರದಾಯದಲ್ಲಿ ಅದು ಹತ್ತು ತಿಂಗಳ ಬಾಡಿಗೆಯಷ್ಟಿದ್ದು, ಈಚೆಗೆ ಹಲವೆಡೆ ಐದಾರಕ್ಕೆ ಇಳಿದಿದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಬೇಡವೆನ್ನುತ್ತದಾದರೂ, ಮಾದರಿ ವಿದ್ಯಾರ್ಥಿಯನ್ನು ಹಿಂದಿನ ಬೆಂಚಿನವರು ನೋಡುವಂತೆ ಬೆಂಗಳೂರು ಅದನ್ನು ನೋಡಿ ಸುಮ್ಮನಾಗಿದೆ. ನಾಯಿ ಇದೆಯೆಂದು ತಿಳಿದೊಡನೆ ಈ ಗಂಟಿಗೆ ಇನ್ನೆರಡು ತಿಂಗಳು ಸೇರಿತೆಂದು ಇಟ್ಟುಕೊಂಡರೆ, 25,000 ರೂಪಾಯಿ ಬಾಡಿಗೆಯ ಮನೆಗೆ 50,000 ರೂಪಾಯಿ ಹೆಚ್ಚುವರಿ ಬೀಳುತ್ತದೆ. ಹೇಗೂ ವಾಪಸು ಬರುವ ಹಣವಾದ್ದರಿಂದ ಇದು ವೆಚ್ಚವೇ ಅಲ್ಲವೆಂಬುದು ಪೂರ್ವಪಕ್ಷ. ಅದೇ ಹಣ ಶೇ. 6ರ ಬಡ್ಡಿಗೆ ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ 3,000, ಅಂದರೆ ತಿಂಗಳಿಗೆ 250 ರೂಪಾಯಿ ಹುಟ್ಟುತ್ತಿತ್ತೆಂಬುದು ಸಿದ್ಧಾಂತ. ಯಾವ ಕರಾರಿನಲ್ಲೂ ಬರೆಯದ ಈ 250 ರೂಪಾಯಿಗೆ ನಾಯಿಯ ಅದೃಶ್ಯ ಬಾಡಿಗೆಯೆಂದು ಹೆಸರು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಒಂದು ನಾಯಿಯ ಲೈಸೆನ್ಸಿಗೆ ಇಡೀ ವರ್ಷಕ್ಕೆ 110 ರೂಪಾಯಿ ಪಡೆಯುತ್ತಿದ್ದುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಒಂದೇ ಪ್ರಾಣಿಯನ್ನು ಪಾಲಿಕೆ ಮತ್ತು ಓನರ್ ಅಳೆಯುವ ತಕ್ಕಡಿಗಳು ಬೇರೆ ಬೇರೆಯೆಂಬುದು ಸ್ಪಷ್ಟವಾಗುತ್ತದೆ.

ಬ್ರೋಕರ್ ಎಂಬ ಮಧ್ಯಸ್ಥನ ಪಾತ್ರ ಇಲ್ಲಿ ಸಾಹಿತ್ಯಕವಾದುದು. ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ನಾಗಿ ಪಡೆಯುವ ಅವನು, ಮೂವತ್ತು ಕಿಲೋ ತೂಗುವ ಪ್ರಾಣಿಯನ್ನು ಓನರಿಗೆ ಫೋನಿನಲ್ಲಿ ವರ್ಣಿಸುವಾಗ "ಪಪ್ಪಿ ಸಾರ್, ಇರೋದೇ ಗೊತ್ತಾಗಲ್ಲ" ಎಂದು ಅಲ್ಪೋಕ್ತಿ ಅಲಂಕಾರವನ್ನು ಪ್ರಯೋಗಿಸುತ್ತಾನೆ. ಹಳೆಯ ಬಡಾವಣೆಗಳಲ್ಲಿ ನಾಯಿಯ ಗಾತ್ರಕ್ಕಿಂತ ಆಹಾರವೇ ಮುಖ್ಯ ಪ್ರಶ್ನೆಯಾಗಿ, ಮೊಸರನ್ನ ತಿನ್ನುವುದೆಂದು ಸಾಬೀತಾದ ನಾಯಿಗೆ ಫ್ಯಾಮಿಲಿಯ ಸ್ಥಾನ ದೊರೆಯುವುದೂ ಉಂಟು. ಕರಾರು ಮಾತ್ರ ಹನ್ನೊಂದೇ ತಿಂಗಳಿನದು, ಏಕೆಂದರೆ 1908ರ ನೋಂದಣಿ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗೇಣಿ ಪತ್ರವನ್ನು ನೋಂದಾಯಿಸಲೇಬೇಕು. ಹತ್ತು ಹನ್ನೆರಡು ವರ್ಷ ಬದುಕುವ ನಾಯಿಯೊಂದು ತನ್ನ ಆಯುಷ್ಯದಲ್ಲಿ ಹನ್ನೊಂದರಿಂದ ಹದಿಮೂರು ಕರಾರುಗಳನ್ನು, ಹೆಚ್ಚುಕಡಿಮೆ ಅಷ್ಟೇ ಸಲ ಬಾಡಿಗೆ ಏರುವುದನ್ನು ಕಾಣುತ್ತದೆ.

ಶಾಸ್ತ್ರದ ತಿರುಳು ಇರುವುದು ಮನೆ ಬಿಡುವ ದಿನದಲ್ಲಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು, ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕೆಂದು ವಿಧಿಸಿ, ಸಹಜ ಸವಕಳಿ ಮತ್ತು ತಡೆಯಲಾಗದ ಶಕ್ತಿ ಎಂಬ ಎರಡಕ್ಕೆ ಮಾತ್ರ ವಿನಾಯಿತಿ ಕೊಟ್ಟಿದೆ. ಕೊರಿಯರ್ ಹುಡುಗ ಬೆಲ್ ಒತ್ತಿದಾಗ ಬಾಗಿಲಿಗೆ ನುಗ್ಗುವ ಲ್ಯಾಬ್ರಡಾರ್ ಈ ಎರಡನೆಯ ವಿನಾಯಿತಿಯಲ್ಲಿ ಸೇರುತ್ತದೆಯೇ ಎಂಬ ಜಿಜ್ಞಾಸೆಯನ್ನು ಭಾಷ್ಯಕಾರರು ಇನ್ನೂ ಎತ್ತಿಕೊಳ್ಳಬೇಕಾಗಿದೆ. ಎರಡು ವರ್ಷದಿಂದ ಸೋರುತ್ತಿದ್ದ ತಾರಸಿಯನ್ನು ತಲೆಯೆತ್ತಿ ನೋಡದ ಓನರ್, ಆ ದಿನ ಮೊಬೈಲಿನ ಟಾರ್ಚ್ ಹಿಡಿದು ಮಂಡಿಯೂರಿ, ಬಾಗಿಲಿನ ಚೌಕಟ್ಟಿನಲ್ಲಿ ನೆಲದಿಂದ ಒಂದಡಿ ಎತ್ತರದ ಗೀರುಗಳನ್ನು ಬೆರಳಿನಿಂದ ಸವರಿ, ಸೊಳ್ಳೆ ಜಾಲರಿಯ ಕೆಳಮೂಲೆಯ ತೂತಿಗೆ ಕಿರುಬೆರಳು ತೂರಿಸಿ, ಎದ್ದು ನಿಂತು ಮೂಗನ್ನು ಎರಡು ಸಲ ಏರಿಸಿ ವಾಸನೆಯ ಪರೀಕ್ಷೆಯನ್ನೂ ಮುಗಿಸುತ್ತಾರೆ. ಅನಂತರ ಲಗ್ನಪತ್ರಿಕೆಯ ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಮೂಡುತ್ತದೆ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಊರಿನ ವಾಡಿಕೆಯಾಗಿದ್ದು, ಗೋಡೆಯ ಮೇಲೆ ಒಂದು ಮೊಳೆಯನ್ನೂ ಹೊಡೆಯದ ನವದಂಪತಿಗೂ ಅದು ತಪ್ಪಿದ್ದಲ್ಲ. ಸಶ್ವಾನನ ಲೆಕ್ಕದಲ್ಲಿ ಅದರ ಕೆಳಗೆ ನಾಯಿಯಿಂದಾದ ಗೋಡೆ ರಿಪೇರಿ ಎಂಬ ಇನ್ನೊಂದು ಸಾಲು ಬರುತ್ತದೆ. ಒಂದೇ ಗೋಡೆಗೆ ಎರಡು ಸಲ ಹಣ ಸಂದು, ಬಳಿಯುವುದು ಒಂದೇ ಸಲವಾಗಿರುವುದರಿಂದ ಇದನ್ನು ಅದ್ವೈತವೆನ್ನಬೇಕೋ ದ್ವೈತವೆನ್ನಬೇಕೋ ತೀರ್ಮಾನವಾಗಿಲ್ಲ. ವ್ಯವಹಾರಜ್ಞರಾದ ಸಶ್ವಾನರು ಮನೆಗೆ ಸೇರುವ ದಿನವೇ ಚೌಕಟ್ಟು, ಜಾಲರಿ, ನೆಲಗಳ ಫೋಟೋ ತೆಗೆದು ಓನರಿಗೆ ಕಳಿಸಿ, ನಾಯಿ ಇರುವ ಸಂಗತಿಯನ್ನೂ ಮುರಿದುಕೊಳ್ಳುವ ಬಾಬುಗಳನ್ನೂ ಕರಾರಿನಲ್ಲೇ ಬರೆಸಿಬಿಡುತ್ತಾರೆ. ಈ ಉಪಾಯ ಇಷ್ಟು ಸರಳವಾಗಿರುವುದರಿಂದಲೇ ಅದನ್ನು ಮಾಡುವವರು ಕಡಿಮೆ.

ಅಪಾರ್ಟ್‌ಮೆಂಟಿನಲ್ಲಿ ಓನರಿನ ಮೇಲೆ ಅಸೋಸಿಯೇಷನ್ ಎಂಬ ಇನ್ನೊಂದು ಪೀಠವಿದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯು, ಬಹುಮತವಿದ್ದರೂ ಅಸೋಸಿಯೇಷನ್ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಿದ್ದಕ್ಕೆ ಹಣ ಕೇಳುವಂತಿಲ್ಲ ಎಂದಿದೆ. ಇಂಥ ನಿಷೇಧದ ನಿಯಮಗಳು ಸಂವಿಧಾನಬಾಹಿರವೆಂದು ಕೇರಳ ಹೈಕೋರ್ಟು 2021ರಲ್ಲಿ ಹೇಳಿದೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಫ್ಲ್ಯಾಟಿಗೆ ಒಂದೇ ನಾಯಿ, ಸ್ವತಂತ್ರ ಮನೆಗೆ ಮೂರು ಎಂದು 2018ರಲ್ಲಿ ಬೆಂಗಳೂರು ಪಾಲಿಕೆ ತಂದ ಬೈಲಾ ಭಾರಿ ವಿರೋಧವನ್ನು ಎದುರಿಸಬೇಕಾಯಿತು. ಆದರೆ ಈ ಸಮಸ್ತ ಶ್ರುತಿ ಸ್ಮೃತಿಗಳೂ ಗೇಟಿನ ಒಳಗೆ ಸೇರಿದವನಿಗೆ ಮಾತ್ರ ಅನ್ವಯಿಸುತ್ತವೆ. ಮನೆ ಕೊಡುವುದು ಬಿಡುವುದು ಓನರಿನ ಮರ್ಜಿಯಾಗಿದ್ದು, "ನಮಗೇನೂ ತೊಂದರೆ ಇಲ್ಲ, ನಮ್ಮ ಮನೆಯವರಿಗೆ ಆಗಲ್ಲ" ಎಂಬ ವಾಕ್ಯದ ಮೇಲೆ ಯಾವ ಕೋರ್ಟಿಗೂ ಮೇಲ್ಮನವಿ ಹೋಗುವುದಿಲ್ಲ. ಈ ಮರ್ಜಿಯ ಮುಂದೆ ನಾಯಿಯ ಯೋಗ್ಯತೆಯೂ ಲೆಕ್ಕಕ್ಕಿಲ್ಲ. ಭಾರತೀಯ ಸೇನೆಯು 2016ರಲ್ಲಿ ಮುಧೋಳ ತಳಿಯ ನಾಯಿಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದಿತ್ತು. ದೇಶ ಕಾಯುವ ತರಬೇತಿಗೆ ಒಪ್ಪಿಗೆಯಾದ ತಳಿಗೆ ಜಯನಗರದ ಎರಡನೆಯ ಮಹಡಿಯಲ್ಲಿ ಒಪ್ಪಿಗೆ ಸಿಗುವ ಭರವಸೆಯೇನೂ ಇಲ್ಲ.

ಬೆಕ್ಕಿನ ವಿಚಾರ ಬೇರೆ. ಓನರ್ ಕೇಳುವ ಪ್ರಶ್ನೆ ನಾಯಿ ಇದೆಯೇ ಎಂಬುದಾಗಿರುವುದರಿಂದ, ಇಲ್ಲವೆಂಬ ಉತ್ತರವು ಸತ್ಯವೂ ಆಗಿ ಬೆಕ್ಕು ಚೀಲದೊಳಗೆ ಕೂತು ಉಚಿತವಾಗಿ ಪ್ರವೇಶಿಸುತ್ತದೆ. ಅದು ಬಾಲ್ಕನಿಯಿಂದ ಬೀಳದಿರಲೆಂದು ಬಾಡಿಗೆದಾರನೇ ಕೈಯಿಂದ ಹಣ ಹಾಕಿ ಪಾರಿವಾಳದ ಬಲೆ ಕಟ್ಟಿಸುತ್ತಾನೆ. ಮನೆ ಬಿಡುವಾಗ ಬಿಚ್ಚಿದರೆ ಗೋಡೆಯಲ್ಲಿ ಕೊಕ್ಕೆಯ ತೂತುಗಳು ಕಾಣಿಸಿ ಅಡ್ವಾನ್ಸಿನಲ್ಲಿ ಮುರಿಯುತ್ತಾರೆಂದು ಹಾಗೆಯೇ ಬಿಟ್ಟು ಹೋಗುತ್ತಾನೆ. ಮುಂದಿನ ಟು ಲೆಟ್ ಜಾಹೀರಾತಿನಲ್ಲಿ ಆ ಬಲೆಯು ಸೌಲಭ್ಯಗಳ ಸಾಲಿನಲ್ಲಿ ಸೇರಿ, ಬಾಡಿಗೆ ಐನೂರು ರೂಪಾಯಿ ಏರುತ್ತದೆ.