ಉಲ್ಟಾ ಸಾಲದ ಮುತ್ಯಾ

ಯಾದಗಿರಿ ಜಿಲ್ಲೆಯ ಕಡೇಚೂರಿನ ಅಗಸಿಕಟ್ಟೆಯ ಮೇಲೆ ಕೂಡುವ ಬೇರೆ ಮುತ್ಯಾಗಳ ಕಿಸೆಯಲ್ಲಿ ತಂಬಾಕಿನ ಚಂಚಿ ಇದ್ದರೆ, ಈ ಮುತ್ಯಾನ ಬಗಲಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಇ-ಸ್ವತ್ತಿನ ನಮೂನೆ 9 ಮತ್ತು 11, ಆಧಾರ್ ಜೆರಾಕ್ಸ್, ಮನೆಪಟ್ಟಿ ಕಟ್ಟಿದ ರಸೀತಿ. ಮಳೆ ಬಂದರೆ ರುಮಾಲು ಬಿಚ್ಚಿ ಚೀಲಕ್ಕೆ ಸುತ್ತುತ್ತಾನೆ, ತಲೆ ನೆನೆದರೆ ನೆನೆಯಲಿ. ನಿಮ್ಮೂರಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ, ಹುಡುಕಿ ನೋಡಿ.

ಕಾಗದದ ಮೇಲೆ ಈ ಭಕ್ತಿ ಹುಟ್ಟಿದ್ದು ಹೊಲ ಹೋದಾಗ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ಎಕರೆ ಹೋಯಿತು. ರೈಲ್ವೆ ಬೋಗಿ ಕಾರ್ಖಾನೆ ಬಂತು, ಔಷಧ-ರಾಸಾಯನಿಕದ ಕಂಪನಿಗಳು ಬಂದವು, ರಾತ್ರಿ ಕಿಡಕಿ ಮುಚ್ಚಿಸುವ ವಾಸನೆಯೂ ಬಂತು. ಮುತ್ಯಾನಿಗೆ ಬಂದ ಪರಿಹಾರ ಎರಡು ಬೈಕು, ಒಂದು ಮದುವೆ, ಹಳೇ ಸಾಲ ಅಂತ ಕರಗಿತು. ಮಕ್ಕಳಿಬ್ಬರೂ ಬೆಂಗಳೂರು ಬಸ್ಸು ಹತ್ತಿದರು. ಉಳಿದದ್ದು ಮನೆ ಮತ್ತು ಮನೆಯಾಕೆ.

ಆಗಲೇ ಯಾರೋ ಪುಣ್ಯಾತ್ಮರು ಕಿವಿಗೆ ಹಾಕಿದ್ದು ‘ರಿವರ್ಸ್ ಮಾರ್ಟ್‌ಗೇಜ್’. ಊರ ಬಾಯಲ್ಲಿ ಅದು ಉಲ್ಟಾ ಸಾಲ. 2007ರ ಬಜೆಟ್‌ನಲ್ಲಿ ಆಗಿನ ಹಣಕಾಸು ಮಂತ್ರಿ ಚಿದಂಬರಂ ಹೇಳಿ, ರಾಷ್ಟ್ರೀಯ ವಸತಿ ಬ್ಯಾಂಕ್ ನಿಯಮ ಬರೆದ ಯೋಜನೆ. 60 ದಾಟಿದವರು ಮನೆಯನ್ನು ಬ್ಯಾಂಕಿಗೆ ಅಡ ಇಟ್ಟು ಅದೇ ಮನೆಯಲ್ಲಿ ಇರಬಹುದು. ಕಂತು ಕಟ್ಟುವವರು ಬ್ಯಾಂಕಿನವರೇ. ಅಲ್ಲೇ ವಾಸವಿದ್ದರೆ, ಗಂಡ-ಹೆಂಡತಿ ಇಬ್ಬರೂ ಕಣ್ಣು ಮುಚ್ಚುವ ತನಕ ವಾಪಸ್ ಕೇಳುವಂತಿಲ್ಲ. ಆಮೇಲೆ ಮಕ್ಕಳು ಬಡ್ಡಿ ಸಮೇತ ತೀರಿಸಿ ಬಿಡಿಸಿಕೊಳ್ಳಬೇಕು, ಇಲ್ಲವೇ ಬ್ಯಾಂಕು ಮಾರಿಕೊಳ್ಳುತ್ತದೆ. ಬಂದ ರೊಕ್ಕಕ್ಕೆ ಆದಾಯ ತೆರಿಗೆಯೂ ಇಲ್ಲ. ಈ ಕೊನೆಯ ಮಾತು ಮುತ್ಯಾನಿಗೆ ಬಹಳ ಹಿಡಿಸಿತು, ಜೀವಮಾನದಲ್ಲಿ ಒಂದು ಪೈಸೆ ಆದಾಯ ತೆರಿಗೆ ಕಟ್ಟಿದವನಲ್ಲ.

ಅಂದಿನಿಂದ ಕಟ್ಟೆಯ ಮೇಲೆ ಸ್ಪೀಕರ್ ಹಾಕಿಯೇ ಮಕ್ಕಳಿಗೆ ಫೋನು.

“ಏನಿಲ್ಲಪ್ಪಾ, ನಾಳಿಗಿ ಸೈದಾಪುರ ಬ್ಯಾಂಕಿಗಿ ಹೊಂಟೀನಿ. ಉಲ್ಟಾ ಸಾಲ ತಗೋತೀನಿ. ನೀವೇನು ಚಿಂತಿ ಮಾಡಬ್ಯಾಡ್ರಿ. ನಾವಿಬ್ರೂ ಹೋದ ಮ್ಯಾಲ ಬ್ಯಾಂಕಿನವ್ರೇ ಬಂದು ಕೀಲಿ ಹಾಕ್ಕೋತಾರ.”

ಆ ಕಡೆ ಮೌನ. ಸಂಜೆಯೊಳಗೆ ಫೋನ್‌ಪೇ ಟಣ್ ಅನ್ನುತ್ತದೆ. ಬಿಪಿ ಗುಳಿಗೆ, ಕಣ್ಣಿನ ಆಪರೇಷನ್, ಪಂಚಮಿಗೆ ಆಯಿಗೆ ಸೀರೆ, ಎಲ್ಲ ಹೀಗೇ ಬಂದದ್ದು.

“ಸುಮ್ನ ಕುಂದರ್ರಿ, ಪಾಪ ಹುಡುಗ್ರು” ಅಂತ ಆಯಿ ಗೊಣಗುತ್ತಾಳೆ. ಸೀರೆ ಮಾತ್ರ ವಾಪಸ್ ಕಳಿಸಿಲ್ಲ.

ಒಂದು ಸಲ ನಿಜಕ್ಕೂ ಬ್ಯಾಂಕಿಗೆ ಹೋದ. ಮ್ಯಾನೇಜರ್ ಹೊಸ ಹುಡುಗ, ಇಂಥ ಅರ್ಜಿ ಕಂಡವನೇ ಅಲ್ಲ. ಕಂಪ್ಯೂಟರಿನಲ್ಲಿ ನಿಯಮ ತೆಗೆದು ಓದಿದ: “ಅಜ್ಜಾರ, ಮನಿ ಇನ್ನೂ 20 ವರ್ಷ ಗಟ್ಟಿ ನಿಲ್ಲಬೇಕು ಅಂತದ. ನಿಲ್ತದೇನ್ರಿ?”

ಮುತ್ಯಾನಿಗೆ ಸಿಟ್ಟು ಬಂತು. “ಏನು ಮಾತಂತ ಆಡ್ತೀಯೋ ತಮ್ಮಾ! ನಮ್ಮ ಮುತ್ಯಾ ಕಟ್ಟಿಸಿದ ಮನಿ ಅದು. ಕಲ್ಲಿನ ಗ್ವಾಡಿ, ತೇಗಿನ ತೊಲಿ. ಮೂರು ತಲಿ ಕಂಡದ, ಇನ್ನೂ ಮೂರು ಕಾಣ್ತದ!”

ಹುಡುಗ ಕಂಪ್ಯೂಟರ್ ಮುಚ್ಚಿದ. ಮುಂದಿನ ಸಾಲಿನಲ್ಲೇ ಇತ್ತು: ಮನೆ ಸ್ವಂತ ದುಡಿದು ಮಾಡಿದ್ದಾಗಿರಬೇಕು, ಪಿತ್ರಾರ್ಜಿತ ನಡೆಯದು. ಮನೆ ಗಟ್ಟಿ ಅಂತ ಸಾಧಿಸಲು ಹೋಗಿ ಮುತ್ಯಾ ತನ್ನ ಅರ್ಜಿಯನ್ನು ತಾನೇ ಕೆಡವಿದ್ದ. ನಮ್ಮ ಕಡೆಯ ಊರುಗಳಲ್ಲಿ ಅಜ್ಜ-ಮುತ್ತಜ್ಜ ಬಿಟ್ಟುಹೋಗದ ಮನೆ ಎಷ್ಟಿವೆ ಅಂತ ದಿಲ್ಲಿಯಲ್ಲಿ ನಿಯಮ ಬರೆದವರು ಒಮ್ಮೆ ಬಂದು ಎಣಿಸಿದ್ದರೆ ಚೆನ್ನಿತ್ತು.

ಮುತ್ಯಾ ಹೊರಗೆ ಬಂದು ಒಂದು ತಾಟು ಒಗ್ಗರಣಿ-ಮಿರ್ಚಿ ತಿಂದ, ಚಾ ಕುಡಿದ, ದೊಡ್ಡ ಮಗನಿಗೆ ಫೋನು ಹಚ್ಚಿದ: “ಮ್ಯಾನೇಜರ್ ಭಾಳ ಒಳ್ಳೆ ಹುಡುಗ. ಎಲ್ಲಾ ಕೂತು ಓದಿ ಹೇಳಿದ. ನಂದೊಂದು ಸಹಿ ಅಷ್ಟೇ ಬಾಕಿ ಅದ ನೋಡು.”

ಸಹಿ ಇವತ್ತಿಗೂ ಬಾಕಿಯೇ ಇದೆ, ಫೋನ್‌ಪೇ ತಪ್ಪಿಲ್ಲ. ಓದುಗರಲ್ಲಿ ಯಾರಿಗಾದರೂ ಬೆಂಗಳೂರಿನಲ್ಲಿ ಆ ಮಕ್ಕಳು ಸಿಕ್ಕರೆ, ಪಿತ್ರಾರ್ಜಿತದ ಸುದ್ದಿ ಮಾತ್ರ ತೆಗೆಯಬೇಡಿ.