ನಿಮಿಷಕ್ಕೆ 35,000 ಸುತ್ತು

ಹಬ್ಬ ಬಂತೆಂದರೆ ಹಿತ್ತಾಳೆ ದೀಪದ ಕಂಬಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು ನಮ್ಮಮ್ಮನ ಖಾತೆ. ಡ್ರೆಮೆಲ್ ಜಾತಿಯ ಗಿರಗಿರ ಕೈಯಂತ್ರವೊಂದು ಮನೆಗೆ ಬಂದದ್ದೇ ತಡ, ಆ ತಿಕ್ಕುವ ಕೆಲಸ ‘ಟೆಕ್ನಿಕಲ್’ ವಿಷಯವಾಗಿ ನನ್ನ ಕೊರಳಿಗೆ ಬಿತ್ತು. ನಿಮಿಷಕ್ಕೆ 35,000 ಸುತ್ತು! ಸಂಸಾರಸ್ಥನಿಗೆ ಯಾಕಪ್ಪಾ ಇಷ್ಟು ಅವಸರ? ಹೊಳಪಿನ ಕೆಲಸಕ್ಕೆ 15,000 ದಾಟಬೇಡಿ ಎನ್ನುತ್ತದೆ ಕೈಪಿಡಿ. ದಾಟಿದರೆ ಉಣ್ಣೆಯ ಪುಟಾಣಿ ಗಾಲಿ ಸಿಡಿದು ನನಗಿಂತ ಮೊದಲು ಪಕ್ಕದ ಮನೆ ತಲುಪೀತು. ಇನ್ನು ಅದಕ್ಕೆ ಹಚ್ಚುವ ಕೆಂಪು ರೂಜ್ ಎಂದರೆ ಕಬ್ಬಿಣದ ತುಕ್ಕಿನದೇ ನುಣ್ಣನೆ ಪುಡಿ. ತುಕ್ಕು ಬಳಿದು ಥಳಥಳಿಸಬೇಕಂತೆ, ಕಲಿಗಾಲ ಸ್ವಾಮಿ!

ದೀಪದ ತುದಿಯ ಹಂಸದ ಕೊಕ್ಕು ಹೊಳೆಯಿತು, ಸುಳ್ಳೇಕೆ. ಜೊತೆಗೇ ಕರೀ ಮಡ್ಡಿ ಚಿಮ್ಮಿ ನನ್ನ ಬನಿಯನ್, ಕನ್ನಡಕವೆಲ್ಲ ಕಪ್ಪು; ಕ್ಯಾಲೆಂಡರಿನ ಬಾಲಕೃಷ್ಣನಿಗೊಂದು ಮೀಸೆ. ಅಮ್ಮ ನಲ್ಲಿಯಡಿ ಕೂತು ಐದು ದೀಪ ತಿಕ್ಕಿ ಒರೆಸಿಟ್ಟರು; ನಾನಿನ್ನೂ ಹಂಸದ ಕತ್ತಿನಲ್ಲೇ ಇದ್ದೆ. ‘ಕುಂಯ್ಯ್’ ಎನ್ನುವ ಸದ್ದಿಗೆ ಎದುರುಮನೆಯ ಅಜ್ಜಿ ದವಡೆ ಒತ್ತಿಕೊಂಡು ಓಡಿಬಂದರು:

“ಹಲ್ಲಿನ ಡಾಕ್ಟ್ರು ಈಗ ಮನೆಗೇ ಬರ್ತಾರೇನೋ, ಮಗಾ?”